ಮುತ್ತಜ್ಜಿಯ ಕಿವಿ ಹಿಂದಿನ ಅರಳಿ

ನಿಮ್ಮಲ್ಲಿ ಯಾರ ಅತ್ತೆಯ ತಲೆಯಲ್ಲಾದರೂ ಮರ ಹುಟ್ಟಿದೆಯೇ? ಇಲ್ಲ ತಾನೆ? ನಮ್ಮಜ್ಜಿಯ ಅತ್ತೆಗೆ ಹುಟ್ಟಿತ್ತು. ಎಡಗಿವಿಯ ಹಿಂದೆ, ಹೆಂಗಸರು ಹೂ ಸಿಕ್ಕಿಸಿಕೊಳ್ಳುವ ಜಾಗದಲ್ಲೇ. ಆಗ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕಲ್ಲಾಗಿ ನಮ್ಮ ತೋಪಿನಲ್ಲಿ ಕೂತಿದ್ದರು.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಹೋದ ತಿಂಗಳು ಹೇಳಿಕೊಟ್ಟಳು. "ಮೈಕ್ ಒತ್ತಿ ಮಾತಾಡಜ್ಜಿ, ಅದೇ ಬರ್ಕೊಳತ್ತೆ" ಎಂದಳು. ಮಾತಾಡಿದರೆ ಮನೆಯವರೆಲ್ಲ ಕೇಳಿಸಿಕೊಂಡು, ಹಾಗಲ್ಲ ಹೀಗೆ ಎಂದು ತಿದ್ದಲು ಬರುತ್ತಾರೆ. ಒಂದೇ ಬೆರಳಲ್ಲಿ ಒತ್ತುತ್ತ ಕೂತರೆ ನಾನು ಏನು ಹೇಳುತ್ತಿದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಇದೇ ಸರಿ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿದ್ದ ಕಾಲ. ನನಗೆ ಒಂಬತ್ತೋ ಹತ್ತೋ. ನಮ್ಮ ಮನೆ ಬಸವನಗುಡಿಯ ಕೊನೆಯಂಚಿನಲ್ಲಿತ್ತು. ಈಗ ಹನುಮಂತನಗರ ಎನ್ನುತ್ತೀರಲ್ಲ, ಆ ಕಡೆಗೆಲ್ಲ ಬರೀ ಬಂಡೆ, ಪೊದೆ, ಮೇಯುವ ಆಡುಗಳು. ತಾತನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆ ಕಟ್ಟಿಸುವಾಗ ಹಿಂದಿನ ಜಾಗದಲ್ಲಿದ್ದ ಮರಗಳಲ್ಲಿ ಒಂದನ್ನೂ ಕಡಿಸಬಾರದೆಂದು ಹಟ ಹಿಡಿದರಂತೆ. ಹಾಗಾಗಿ ಹಿತ್ತಿಲಿನ ಬಾಗಿಲು ತೆಗೆದರೆ ಮಾವು, ಹಲಸು, ಹೊಂಗೆ, ನೇರಳೆ, ಸಂಪಿಗೆ. ಬಿಸಿಲು ನೆಲಕ್ಕೆ ತಲುಪುವುದೇ ಕಷ್ಟ. ವೈಶಾಖ ಬಂತೆಂದರೆ ಹೊಂಗೆಯ ಹೂ ಉದುರಿ ನೆಲವೆಲ್ಲ ಪುರಿ ಚೆಲ್ಲಿದ ಹಾಗಿರುತ್ತಿತ್ತು. ಎಲ್ಲೋ ಮೇಲೆ ಹಲಸು ಹಣ್ಣಾದ ವಾಸನೆ. ಕೋಗಿಲೆ ಒಂದೇ ಸಮನೆ ಕೂಗಿ ಕೂಗಿ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿತ್ತು.

ಆ ಮರಗಳ ನಡುವೆ ಕಲ್ಲಿನ ಮಂದಿ ಇದ್ದರು. ಸೊಂಡಿಲು ಅರ್ಧಕ್ಕೇ ನಿಂತ ಆನೆ. ಸಿಂಹ ಮಾಡಲು ಹೋಗಿ ನಾಯಿಯಾಗಿಬಿಟ್ಟ ಒಂದು ಪ್ರಾಣಿ. ಕುತ್ತಿಗೆಯವರೆಗೆ ಮಾತ್ರ ಇರುವ ನವಿಲು. ತಾತನಿಗೆ ಪರಿಚಯದ ಒಬ್ಬ ಮುದಿ ಶಿಲ್ಪಿ ಇದ್ದ. ಅವನು ಕೆಲಸ ಶುರುಮಾಡುವ ಮೊದಲು ಕಲ್ಲನ್ನು ಉಳಿಯಿಂದ ತಟ್ಟಿ ನೋಡುತ್ತಿದ್ದ. ಗಂಟೆಯ ಹಾಗೆ ಸದ್ದು ಬಂದರೆ ಅದು ದೇವರ ವಿಗ್ರಹಕ್ಕೆ. ಸದ್ದು ಮಂಕಾಗಿದ್ದರೆ ಒಳಗೆಲ್ಲೋ ಸೀಳಿದೆ ಎಂದು ಅರ್ಥ. ಅಂಥ ಕಲ್ಲು ದೇವರಿಗೆ ಆಗುವುದಿಲ್ಲ. ದೇವರಾಗಲು ಆಗದೆ ಉಳಿದ ಆ ಕಲ್ಲುಗಳನ್ನೆಲ್ಲ ತಾತ ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬರುತ್ತಿದ್ದರು.

ಅಂಥದೇ ಒಂದು ಕಲ್ಲಿನಲ್ಲಿ ತಾತ ತಮ್ಮ ತಾಯಿಯನ್ನು ಮಾಡಿಸಿದ್ದರು. ಆಕೆಯ ಫೋಟೋ ಒಂದೂ ಇರಲಿಲ್ಲ. ಹಿಂದಿನ ಕಾಲದ ಹೆಂಗಸು, ಯಾರು ತೆಗೆಸುತ್ತಾರೆ? ತಾತ ಶಿಲ್ಪಿಯ ಎದುರಿಗೆ ಕೂತು ಬಾಯಲ್ಲೇ ಹೇಳಿ ಹೇಳಿ ಮಾಡಿಸಿದರಂತೆ. ಮೂಗು ಹೀಗೆ ಎಂದು ತಮ್ಮ ಮೂಗನ್ನೇ ಹಿಂಡಿ ತೋರಿಸಿದರಂತೆ. ಹಲಸಿನ ಮರದ ಬುಡದಲ್ಲಿ ಮಂಡಿ ಮಡಿಸಿ ಕೂತು, ಮಡಿಲಲ್ಲಿ ನೂಲಿನ ಬುಟ್ಟಿ ಇಟ್ಟುಕೊಂಡು, ತುಟಿಯಂಚಿನಲ್ಲಿ ನಗುತ್ತಿದ್ದ ಆ ಕಲ್ಲನ್ನು ನಾವು ಮಕ್ಕಳು ಮುತ್ತಜ್ಜಿ ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಶಿವಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತಾತ ಅಲ್ಲಿಗೆ ಹೋಗಿ ಒಂದು ಗಳಿಗೆ ನಿಲ್ಲುತ್ತಿದ್ದರು. ಕೈ ಮುಗಿಯುತ್ತಿರಲಿಲ್ಲ. ಸುಮ್ಮನೆ ಮುಖ ನೋಡಿ ಅಂಗಡಿಗೆ ಹೊರಡುತ್ತಿದ್ದರು.

ಅಜ್ಜಿಗೆ ಆ ನಗುವಿನ ಮೇಲೇ ತಕರಾರು.

"ನಿಮ್ಮಮ್ಮ ನಕ್ಕಿದ್ದು ನಾನಂತೂ ನೋಡಿಲ್ಲ. ನೀವೆಲ್ಲಿ ನೋಡಿದ್ರಿ?"

"ನೀನು ಈ ಮನೆಗೆ ಬರೋಕ್ ಮುಂಚೆ ನಗ್ತಿದ್ಲು" ಎನ್ನುತ್ತಿದ್ದರು ತಾತ.

ತಾತ ಹೊರಟ ಮೇಲೆ ಅಜ್ಜಿಯ ಸರದಿ. ಹೂ ಬಿಡಿಸುವ ನೆಪದಲ್ಲಿ ಹೋಗಿ ಕಲ್ಲಿನ ಅತ್ತೆಗೆ ಬಯ್ಯುತ್ತಿದ್ದಳು. "ಏನತ್ತೆ, ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಹೇಳಿ ನೋಡೋಣ ಈಗ! ಅವತ್ತು ನನ್ ತವರಿನೋರ ಮುಂದೆ ಹೇಳಿದ್ರಲ್ಲ!" ಬಯ್ಯುತ್ತಲೇ, ಮರದ ಮೇಲಿನ ಹಕ್ಕಿಗಳು ಹಾಕಿದ ಗಲೀಜನ್ನು ಅಕ್ಕಿ ತೊಳೆದ ನೀರು ಹುಯ್ದು ತೊಳೆಯುತ್ತಿದ್ದಳು. ಸೊಸೆಯಾದವಳು ಅತ್ತೆಯ ತಲೆಯ ಮೇಲೆ ಹೊಲಸು ನೋಡಿಕೊಂಡು ಇರಬಾರದು ಎಂಬುದು ಅವಳ ನಿಯಮ. ಬೈಗುಳವೂ ತಪ್ಪಲಿಲ್ಲ, ಸ್ನಾನವೂ ತಪ್ಪಲಿಲ್ಲ.

ಆ ಅಕ್ಕಿ ತೊಳೆದ ನೀರೇ ಕೆಲಸ ಕೆಡಿಸಿದ್ದು.

ಹಿಂದಿನ ಮಳೆಗಾಲದಲ್ಲಿ ಮುತ್ತಜ್ಜಿಯ ಕಿವಿಯ ಹಿಂದೆ ಎರಡು ಪುಟ್ಟ ಎಲೆ ಕಾಣಿಸಿಕೊಂಡಿದ್ದವು. ಯಾವುದೋ ಹೂವಿನ ಗಿಡವೆಂದು ಅಜ್ಜಿ ಖುಷಿಯಾದಳು. "ನೋಡು, ಅತ್ತೆ ತಾವೇ ಹೂ ಮುಡ್ಕೊಳ್ತಿದಾರೆ" ಎಂದು ಇನ್ನೊಂದು ಚೊಂಬು ಹೆಚ್ಚಿಗೆ ಹುಯ್ದಳು. ಯುಗಾದಿಯ ಹೊತ್ತಿಗೆ ತಾಮ್ರದ ಬಣ್ಣದ ಹೊಸ ಚಿಗುರು ಬಂತು. ಎಲೆಯ ತುದಿ ಇಲಿಯ ಬಾಲದ ಹಾಗೆ ಉದ್ದವಾಗಿತ್ತು. ಆಗ ಎಲ್ಲರಿಗೂ ಗೊತ್ತಾಯಿತು, ಅದು ಅರಳಿ. ಕಾಂಡ ಬೆರಳಷ್ಟು ದಪ್ಪವಾಗಿತ್ತು. ಬೇರು ಕಲ್ಲಿನೊಳಗಿನ ಆ ಹಳೆಯ ಸೀಳನ್ನು ಹುಡುಕಿಕೊಂಡು ಒಳಗಿಳಿದಿತ್ತು. ಕಿವಿಯಿಂದ ಕೆನ್ನೆಯ ಕಡೆಗೆ ಕೂದಲೆಳೆಯಷ್ಟು ಬಿರುಕು.

ತಾತ ಕನ್ನಡಕ ಏರಿಸಿ ನೋಡಿದರು. ಬೆರಳಿಂದ ಸವರಿ ನೋಡಿದರು. "ನೀನೇ ಕಣೇ ನೀರು ಹುಯ್ದು ಬೆಳೆಸಿದ್ದು" ಎಂದರು.

"ನಿಮ್ಮಮ್ಮನ ಮೇಲೆ ಕಾಗೆ ಗಲೀಜು ಮಾಡಿದ್ರೆ ನೋಡ್ಕೊಂಡು ಕೂತಿರ್ಲಾ? ಅದಿರ್ಲಿ, ಕಿತ್ತುಹಾಕಿ. ಬೆರಳಷ್ಟು ಗಿಡ."

ಹೇಳಿದ್ದು ಅವಳೇ. ಹೇಳಿದ ಕೂಡಲೇ ಬಾಯಿ ಮುಚ್ಚಿಕೊಂಡವಳೂ ಅವಳೇ. ಯಾಕೆಂದರೆ ಅಷ್ಟು ಹೊತ್ತಿಗೆ ಹಿತ್ತಿಲಿನ ಮೆಟ್ಟಿಲ ಮೇಲೆ ನನ್ನ ಚಿಕ್ಕಮ್ಮ, ತಾತನ ಕಿರಿಯ ಸೊಸೆ, ಬಂದು ನಿಂತಿದ್ದಳು. ಅವಳಿಗೆ ಏಳು ತಿಂಗಳು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಮನೆಯಲ್ಲಿ ಬಸುರಿ ಇದ್ದಾಗ ಗಂಡನಾದವನು ಮರ ಕಡಿಯಬಾರದು, ಮನೆಯವರೂ ಹಸಿರು ಗಿಡ ಬುಡಸಮೇತ ಕೀಳಬಾರದು. ಅದರಲ್ಲೂ ಅರಳಿ! ಮಕ್ಕಳಾಗಲೆಂದು ಊರಿನ ಹೆಂಗಸರು ಸುತ್ತು ಬರುವ ಮರ.

ತಾತ ಅಂಥದ್ದನ್ನೆಲ್ಲ ನಂಬುವವರಲ್ಲ. ಅರಳಿಕಟ್ಟೆ ಸುತ್ತುವವರನ್ನು ಕಂಡರೆ, "ಕೊರಳಲ್ಲಿ ಲಿಂಗ ಇದ್ಮೇಲೆ ಮರಕ್ಕೆ ಯಾಕಯ್ಯಾ ಸುತ್ತಬೇಕು?" ಎಂದು ನಗುತ್ತಿದ್ದವರು. ಆ ದಿನ ನಗಲಿಲ್ಲ. ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡರು. ಗಿಡವನ್ನು ಮುಟ್ಟಲಿಲ್ಲ.

ತೋಟದ ಮಾಲಿಯನ್ನು ಕರೆದರು. ಅವನು ಒಮ್ಮೆ ಗಿಡವನ್ನೂ ಒಮ್ಮೆ ಚಿಕ್ಕಮ್ಮನ ಹೊಟ್ಟೆಯನ್ನೂ ನೋಡಿ, ಕುಡುಗೋಲನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಬೇರೆ ಏನ್ ಬೇಕಾದ್ರೂ ಕೀಳ್ತೀನಿ ಸ್ವಾಮಿ. ಬೇಕಾದ್ರೆ ಆ ಮಾವಿನ ಮರಾನೇ ಉರುಳಿಸ್ತೀನಿ ಅನ್ನಿ. ಇದೊಂದು ಬ್ಯಾಡಿ. ನಮ್ ಮನೇಲೂ ಮಕ್ಕಳವ್ರೆ."

ಚಿಕ್ಕಪ್ಪ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದ. "ಇದೆಲ್ಲ ಮೂಢನಂಬಿಕೆ ಅಪ್ಪಾಜಿ" ಎಂದು ಅರ್ಧ ಗಂಟೆ ವಿವರಿಸಿದ. ಬೇರಿನ ಬುಡಕ್ಕೆ ಯಾವ ಆ್ಯಸಿಡ್ ಹಾಕಿದರೆ ಹೇಗೆ ಸಾಯುತ್ತದೆ ಎಂದೂ ಹೇಳಿದ. "ಹಾಗಾದ್ರೆ ತಂದು ಹಾಕು" ಎಂದರು ತಾತ. "ನಾನಾ? ಇವಳಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾಳೆ" ಎಂದು ಅವನು ಒಳಗೆ ಹೋದ. ವಿಜ್ಞಾನವೂ ಅವನ ಜೊತೆಗೇ ಒಳಗೆ ಹೋಯಿತು.

ಕೊನೆಗೆ ತಾತ ತಮಗೆ ತಿಳಿದ ವಿದ್ಯೆ ಮಾಡಿದರು. ಅಂಗಡಿಯಿಂದ ಗಟ್ಟಿ ಖಾದಿಯ ತುಂಡು ತಂದು ಉದ್ದಕ್ಕೆ ಹರಿದು, ಮುತ್ತಜ್ಜಿಯ ತಲೆಗೆ ಬಿಗಿಯಾಗಿ ಸುತ್ತಿ ಕಟ್ಟಿದರು. ಬಿರುಕು ಬಾಯಿ ಬಿಡದಿರಲಿ ಎಂದು. ಥೇಟ್ ತಲೆನೋವಿಗೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ಪಟ್ಟಿಯ ಮೇಲಿಂದ ಅರಳಿಯ ಚಿಗುರು ಇಣುಕುತ್ತಿತ್ತು.

"ಪಾಪ, ಹೋದ್ ಮೇಲೂ ತಲೆನೋವು ಬಿಡ್ಲಿಲ್ಲ ನಮ್ಮತ್ತೇನ" ಎಂದಳು ಅಜ್ಜಿ. ಆದರೆ ಅಂದಿನಿಂದ ಅಕ್ಕಿ ತೊಳೆದ ನೀರು ಮಲ್ಲಿಗೆ ಗಿಡಕ್ಕೇ ಹೋಯಿತು. ಹಕ್ಕಿ ಗಲೀಜನ್ನು ಒಣಬಟ್ಟೆಯಲ್ಲಿ ಒರೆಸಿ ಬರುತ್ತಿದ್ದಳು.

ನೀರಿಲ್ಲದಿದ್ದರೆ ಒಣಗೀತು ಎಂದು ಎಲ್ಲರೂ ಒಳಗೊಳಗೇ ಕಾದರು. ಆ ಬಿಸಿಲಿಗೆ ನೀರು ಹುಯ್ದ ಮಲ್ಲಿಗೆಯೂ ಬಾಡಿತು, ಕನಕಾಂಬರ ಬಾಡಿತು. ಅರಳಿ ಮಾತ್ರ ಇನ್ನೂ ಎರಡು ಎಲೆ ಬಿಟ್ಟಿತು. ತಾತ ಬೆಳಿಗ್ಗೆ ಒಂದು ಗಳಿಗೆ ನಿಲ್ಲುತ್ತಿದ್ದವರು ಈಗ ಅಂಗಡಿಗೆ ಹೋಗುವುದನ್ನೇ ಮರೆತು ನಿಲ್ಲತೊಡಗಿದರು. ಪಟ್ಟಿ ಸಡಿಲಿಸಿ ನೋಡುವುದು, ಮತ್ತೆ ಬಿಗಿಯುವುದು. ಬಿರುಕು ಕೆನ್ನೆ ದಾಟಿ ಮೂಗಿನ ಪಕ್ಕಕ್ಕೆ ಬಂದಿತ್ತು.

ಒಂದು ಸಂಜೆ ಚಿಕ್ಕಮ್ಮ ನಿಧಾನವಾಗಿ ಮೆಟ್ಟಿಲಿಳಿದು ಅವರ ಹತ್ತಿರ ಬಂದಳು. ನಾನು ನೇರಳೆ ಮರದ ಕೆಳಗಿನ ಕೊಂಬೆಯ ಮೇಲೆ ಕೂತಿದ್ದೆ.

"ಮಾವಾ, ಕಿತ್ತುಬಿಡಿ. ನನಗೇನೂ ಆಗಲ್ಲ."

ತಾತ ತಿರುಗಿ ನೋಡಲಿಲ್ಲ. "ಯಾರು ಹೇಳಿದ್ರಮ್ಮ ನಿನಗೆ?"

"ಯಾರು ಹೇಳ್ಬೇಕು? ಎಲ್ರೂ ಈ ಕಲ್ಲು ನೋಡ್ತೀರ, ಆಮೇಲೆ ನನ್ ಹೊಟ್ಟೆ ನೋಡ್ತೀರ. ನಿಮಗಿರೋದು ಇದೊಂದೇ ಮುಖ ಅಂತ ನನಗೆ ಗೊತ್ತು ಮಾವಾ. ನಿಜವಾಗ್ಲೂ ನನಗೆ ಭಯ ಇಲ್ಲ."

ಮಾತಿನಲ್ಲಿ ಭಯವಿರಲಿಲ್ಲ. ಆದರೆ ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡಿದ್ದಳು, ಯಾರೋ ಕಿತ್ತುಕೊಳ್ಳಲು ಬಂದ ಹಾಗೆ. ತಾತ ಈಗ ತಿರುಗಿ ಅದನ್ನು ನೋಡಿದರು. ನಾನೂ ನೋಡಿದೆ.

"ಆಯ್ತಮ್ಮ, ನಾಳೆ ನೋಡೋಣ. ಇಲ್ಲಿ ಇರುವೆ ಜಾಸ್ತಿ, ಒಳಗ್ ಹೋಗು" ಎಂದರು. ಅವಳು ಬೇಡ ಎಂದಿದ್ದರೆ ಕೀಳುವ ದಾರಿ ಆಮೇಲಾದರೂ ಉಳಿಯುತ್ತಿತ್ತೋ ಏನೋ. ಅವಳೇ ಭಯ ನುಂಗಿಕೊಂಡು ಬಂದು ಕೀಳಿರಿ ಎಂದ ಮೇಲೆ ತಾತನಿಗೆ ಆ ದಾರಿ ಪೂರ್ತಿ ಮುಚ್ಚಿಹೋಯಿತು.

ಆಮೇಲೆ ಶುರುವಾಯಿತು ನೋಡಿ, ನನ್ನ ರಾಜಯೋಗ. ಮಕ್ಕಳಿಗೆ ದೋಷವಿಲ್ಲ ಎಂದು ಯಾರಿಗೆ ಮೊದಲು ಹೊಳೆಯಿತೋ ತಿಳಿಯದು. ಚಿಕ್ಕಪ್ಪ ಗಾಂಧಿ ಬಜಾರಿನಿಂದ ಪೆಪ್ಪರಮೆಂಟು ತಂದುಕೊಟ್ಟ. "ನೀನು ತೋಪಲ್ಲಿ ಆಟ ಆಡಲ್ವೇನೇ ಈಚೆಗೆ? ಆ ಹಲಸಿನ ಮರದ ಹತ್ರ ತಂಪಾಗಿರತ್ತೆ. ಮಕ್ಕಳು ಅಂದ್ಮೇಲೆ ಅದೂ ಇದೂ ಎಳೀತಾರೆ, ಕೀಳ್ತಾರೆ. ಯಾರೂ ಬಯ್ಯಲ್ಲ ಬಿಡು."

ಮಾಲಿ ಬಂದು, "ಪುಟ್ಟಮ್ಮಾ, ಅರಳಿ ಎಲೆ ಒಣಗಿಸಿದ್ರೆ ಜಾಲರಿ ಆಗ್ತದೆ, ಚೆಂದಾಗಿರ್ತದೆ. ಕಾಂಡ ಸಮೇತ ಕಿತ್ಕೊಂಡ್ರೆ ಇನ್ನೂ ವಾಸಿ" ಎಂದ. ಹೇಳಿ ಅತ್ತಿತ್ತ ನೋಡಿ ಓಡಿಹೋದ.

ನಾನೇನು ಪೆದ್ದಿಯೇ? ಮೊದಲ ಪೆಪ್ಪರಮೆಂಟಿಗೇ ನನಗೆ ಎಲ್ಲ ಅರ್ಥವಾಗಿತ್ತು. ಪೊಟ್ಟಣ ಖಾಲಿಯಾಗುವವರೆಗೆ ಅರ್ಥವಾಗದವಳ ಹಾಗೆ ಇದ್ದೆ. "ಯಾವ ಗಿಡ ಚಿಕ್ಕಪ್ಪಾ? ತೋರಿಸು ಬಾ" ಎಂದರೆ ಅವನಿಗೆ ಎಲ್ಲಿಲ್ಲದ ಕೆಲಸ ಜ್ಞಾಪಕಕ್ಕೆ ಬರುತ್ತಿತ್ತು.

ಆದರೆ ತಾತನ ಮುಖ ನೋಡಿದರೆ ಆಟ ಸಾಕೆನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಅವರು ಪೂಜೆಗೆ ಕೂತಿದ್ದಾಗ ನಾನೇ ಹೋದೆ. ಹೊಂಗೆ ಹೂವಿನ ಮೇಲೆ ಕಾಲಿಟ್ಟರೆ ಸದ್ದೇ ಆಗುವುದಿಲ್ಲ. ಮುತ್ತಜ್ಜಿಯ ಬುಟ್ಟಿಯ ಅಂಚಿನ ಮೇಲೆ ಕಾಲೂರಿ ನಿಂತು ಗಿಡವನ್ನು ಹಿಡಿದೆ. ಅದರ ಎಲೆಗಳು ಗಾಳಿಯಿಲ್ಲದೆಯೂ ನಡುಗುತ್ತಿದ್ದವು.

"ಮಗಾ."

ತಾತ ಹಿಂದೆ ನಿಂತಿದ್ದರು. ಒದ್ದೆ ಪಂಚೆ, ಹಸಿ ವಿಭೂತಿ. ಬಯ್ಯಲಿಲ್ಲ. ಓಡಿ ಬಂದು ಎಳೆಯಲೂ ಇಲ್ಲ. ನನ್ನ ಕೈ ಗಿಡದ ಮೇಲಿತ್ತು, ಅವರ ಕಣ್ಣು ನನ್ನ ಕೈಯ ಮೇಲಿತ್ತು.

"ಕೀಳ್ಲಾ ತಾತಾ? ಮಕ್ಕಳಿಗೆ ದೋಷ ಇಲ್ವಂತೆ."

ಆ ಹೊತ್ತನ್ನು ನಾನು ಇಂದಿಗೂ ಮರೆತಿಲ್ಲ. ಹೂಂ ಎನ್ನಲು ತಾತ ಬಾಯಿ ತೆರೆದದ್ದು ಕಾಣಿಸಿತು. ಆಮೇಲೆ ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನನ್ನು ಕೆಳಗಿಳಿಸಿದರು.

"ಬೇಡ ಕಂದಾ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅನ್ಕೋ, ಎಲ್ರೂ ನಿನ್ ಕಡೆ ನೋಡ್ತಾರೆ. ಬಾಯಲ್ಲಿ ಹೇಳಲ್ಲ, ನೋಡ್ತಾರೆ. ನೀನಿನ್ನೂ ತುಂಬ ವರ್ಷ ಇರ್ಬೇಕಾದೋಳು. ಅದನ್ನ ಹೊತ್ಕೊಂಡು ಎಲ್ಲಿ ಓಡಾಡ್ತೀಯ?"

ಅಷ್ಟು ಹೇಳಿ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದರು. ಇಡೀ ಮನೆಯಲ್ಲಿ ಬೆರಳಷ್ಟು ದಪ್ಪದ ಗಿಡ ಕೀಳುವ ಶಕ್ತಿ ಯಾರಿಗೂ ಇರಲಿಲ್ಲ.

ವೈಶಾಖದ ಕೊನೆಗೆ ಮಳೆ ಬಂತು. ಬೆಂಗಳೂರಿನ ಬೇಸಿಗೆ ಮಳೆ ಗೊತ್ತಲ್ಲ, ಮಧ್ಯಾಹ್ನ ಉರಿಬಿಸಿಲು, ಸಂಜೆಗೆ ಒಮ್ಮೆಗೇ ಕಪ್ಪು ಮೋಡ, ಗಾಳಿ, ಆಲಿಕಲ್ಲು. ಮಾವಿನಕಾಯಿ ದಬದಬ ಬೀಳತೊಡಗಿದವು. ತಾತ ಕೊಡೆ ಹಿಡಿದು ತೋಪಿಗೆ ಓಡಿದರು. ತಮ್ಮ ತಲೆಗಲ್ಲ, ಮುತ್ತಜ್ಜಿಯ ತಲೆಗೆ ಹಿಡಿಯಲು. ಗಾಳಿಗೆ ಕೊಡೆ ಹಿಂದುಮುಂದಾಗಿ ಮಡಚಿಕೊಂಡಿತು. "ಏನೂಂದ್ರೆ, ಒಳಗ್ ಬನ್ನಿ! ಕೊಂಬೆ ಬೀಳತ್ತೆ!" ಎಂದು ಅಜ್ಜಿ ಮೆಟ್ಟಿಲ ಮೇಲಿಂದ ಕೂಗುತ್ತಲೇ ಇದ್ದಳು. ಅವರು ಬರಲಿಲ್ಲ. ಎರಡೂ ಅಂಗೈಯಿಂದ ತಾಯಿಯ ಕೆನ್ನೆ ಒತ್ತಿ ಹಿಡಿದು ನೆನೆಯುತ್ತ ನಿಂತಿದ್ದರು.

ಬಿದ್ದದ್ದು ಕೊಂಬೆಯಲ್ಲ, ಒಂದು ಹಲಸಿನ ಹಣ್ಣು. ಅದು ಮುತ್ತಜ್ಜಿಯ ಹೆಗಲಿಗೆ ತಗಲಿ, ತಾತನ ಕಾಲಿನ ಪಕ್ಕದಲ್ಲಿ ಒಡೆದು ಚೆಲ್ಲಿತು. ಜೊತೆಗೇ ಎಡಗೆನ್ನೆ, ತುಟಿಯ ಅರ್ಧ, ನಗು ಇದ್ದ ಕಡೆಯದು, ಕಳಚಿ ಅವರ ಕೈಗೇ ಬಂತು. ಮಳೆ ನಿಂತ ಮೇಲೆ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಒಳಗೆ ಬಂದರು. ತೊಳೆಗಳ ಘಮಘಮ ವಾಸನೆ ಮನೆಯೆಲ್ಲ ಹಬ್ಬಿತ್ತು. ಯಾರಿಗೂ ಒಂದು ತೊಳೆ ತಿನ್ನುವ ಮನಸ್ಸಾಗಲಿಲ್ಲ. ಚಿಕ್ಕಮ್ಮ ಮಾತ್ರ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ತಾತನದೇ ಆಯಿತು. "ಕಲ್ಲಮ್ಮಾ ಅದು, ಕಲ್ಲು" ಎಂದು ಹೇಳುತ್ತಲೇ ಇದ್ದರು.

ಅದಾದ ಕೆಲವೇ ದಿನಕ್ಕೆ ಚಿಕ್ಕಮ್ಮನನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಡುಮಗು. ಬಾಯಿ ತೆರೆದರೆ ಗಾಂಧಿ ಬಜಾರಿಗೆ ಕೇಳುವಂಥ ಗಂಟಲು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಚಿಕ್ಕಪ್ಪ ಬಂದು ಹೇಳಿದ ದಿನ, ತಾತ ಕೇಳಿಸಿಕೊಂಡು ಕಣ್ಣೊರೆಸಿಕೊಂಡು, ನೇರ ಹೋಗಿ ಮಾಲಿಯ ಗುಡಿಸಲಿನಿಂದ ಕುಡುಗೋಲು ತಂದರು. ನಾನೂ ಅಜ್ಜಿಯೂ ಹಿಂದೆಯೇ ಹೋದೆವು.

ಈಗ ಯಾವ ಅಡ್ಡಿಯೂ ಇರಲಿಲ್ಲ. ತಾತ ಎಡಗೈಯಿಂದ ಗಿಡದ ಬುಡ ಹಿಡಿದು ಮೆಲ್ಲಗೆ ಎಳೆದರು. ಗಿಡ ಬರಲಿಲ್ಲ, ಮುಖವೇ ಅಲುಗಿತು. ಉಳಿದಿದ್ದ ಹಣೆ, ಮೂಗು, ಬಲಗಣ್ಣು, ಎಲ್ಲವೂ ಒಟ್ಟಿಗೆ ಮುಂದಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಯಿತು. ತಾತ ಬಗ್ಗಿ ಸೀಳಿನೊಳಗೆ ನೋಡಿದರು. ಬಿಳಿ ಬೇರುಗಳು ಬಲೆಯ ಹಾಗೆ ಹೆಣೆದುಕೊಂಡಿದ್ದವು. ಕಲ್ಲನ್ನು ಸೀಳಿದ್ದೂ ಅವೇ, ಈಗ ಬೀಳದ ಹಾಗೆ ಹಿಡಿದುಕೊಂಡಿದ್ದೂ ಅವೇ. ಗಿಡ ಕತ್ತರಿಸಿದರೆ ಬೇರು ಒಣಗುತ್ತದೆ, ಬೇರು ಒಣಗಿದರೆ ಉಳಿದ ಮುಖವೂ ಹೋಗುತ್ತದೆ. ಬಿಟ್ಟರೆ ಬೇರು ದಪ್ಪವಾಗಿ ಇನ್ನೊಂದು ಕಡೆ ಸೀಳುತ್ತದೆ.

ಅವರು ಕುಡುಗೋಲು ನೆಲಕ್ಕಿಟ್ಟರು. ಹುಲ್ಲಿನ ಮೇಲೆ ಕೂತರು. ಬಹಳ ಹೊತ್ತು ಅಲ್ಲೇ ಕೂತಿದ್ದು, ಕೊನೆಗೆ ಎದ್ದು ಮನೆಯ ಕಡೆ ನಡೆದರು. ಬೆನ್ನು ಒಂದೇ ವಸಂತದಲ್ಲಿ ಬಗ್ಗಿಹೋಗಿತ್ತು.

ನಾನು ನೋಡುತ್ತಿದ್ದ ಹಾಗೆಯೇ ಅಜ್ಜಿ ಒಳಗೆ ಹೋಗಿ ಚೊಂಬು ತಂದಳು. ಅಕ್ಕಿ ತೊಳೆದ ನೀರು. ಎಷ್ಟೋ ವಾರಗಳ ಮೇಲೆ ಅತ್ತೆಗೆ ಸ್ನಾನ. ಒಂದು ಹನಿಯೂ ಅತ್ತಿತ್ತ ಹೋಗದ ಹಾಗೆ ಅರಳಿಯ ಬುಡಕ್ಕೇ ಹುಯ್ದಳು. ಹುಯ್ಯುವಾಗ ಬಯ್ಯಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು. ಅವಳನ್ನು ನಗಿಸೋಣವೆಂದು ಕೀಟಲೆ ಮಾಡಿದೆ.

"ಅಜ್ಜೀ, ನಿನಗೆ ಒಳ್ಳೇದೇ ಆಯ್ತಲ್ಲ! ಹೇಗೂ ನಿನಗೆ ಆ ಮುಖ ಕಂಡ್ರೆ ಆಗ್ತಿರ್ಲಿಲ್ಲ."

ಅಜ್ಜಿ ಸೆರಗಿನಿಂದ ಮುತ್ತಜ್ಜಿಯ ಉಳಿದ ಕೆನ್ನೆಯ ನೀರು ಒರೆಸುತ್ತಿದ್ದಳು. ತಿರುಗದೆಯೇ ರೇಗಿದಳು:

"ಸುಮ್ನಿರೇ, ದೊಡ್ಡದಾಗಿ ಹೇಳೋಕ್ ಬಂದ್ಲು! ಜಗಳ ಆಡೋಕಾದ್ರೂ ಒಂದು ಮುಖ ಬೇಡ್ವೇನೇ?"